ಗ್ರೇಟ್ ಸಾಲ್ಟ್ ಲೇಕ್‌ನ ಮಟ್ಟ ಒಂದೇ ದಿನ ಎರಡು ಥರ ಯಾಕೆ?

ಸರ್, ನೀವು ನೋಡಿದ ಎರಡೂ ಅಂಕಿ ಸರಿನೇ ಅವ. 1959ರಲ್ಲಿ ಮುಗಿದ ರೈಲ್ವೆ ಒಡ್ಡು ಅಮೆರಿಕದ ಯೂಟಾ ರಾಜ್ಯದ ಆ ಸರೋವರವನ್ನ ಉತ್ತರ, ದಕ್ಷಿಣ ಅಂತ ಇಬ್ಭಾಗ ಮಾಡ್ಯದ. ಬೇರ್, ವೀಬರ್, ಜೋರ್ಡಾನ್ ನದಿಗಳ ನೀರು ದಕ್ಷಿಣಕ್ಕೇ ಬೀಳ್ತದ; ಉತ್ತರಕ್ಕೆ ಒಡ್ಡು ದಾಟಿದ್ದಷ್ಟೇ ಸಿಗ್ತದ. ಹಿಂಗಾಗಿ ಅಲ್ಲಿ ಮಟ್ಟ ತಗ್ಗು, ಉಪ್ಪು ಭಾಳ.

ನಮ್ಮ ಬೆಣ್ಣೆತೊರಾ ಜಲಾಶಯದ ಹಂಗ ಈ ಸರೋವರದಾಗ ಗೇಟು ತೆಗೆದು ನೀರು ಬಿಡೋ ಮಾತೇ ಇಲ್ಲ, ಆವಿಯಾಗೇ ಹೋಗಬೇಕು.

ಮಟ್ಟದ ಗ್ರಾಫ್ ಮಾಡೋದಾದರ ದಕ್ಷಿಣದ ಸಾಲ್ಟೇರ್ ಅನ್ನೋ ಜಾಗದ ನೀರಿನ ಮಟ್ಟದ ಮಾಪಕ ಒಂದನ್ನೇ ಹಿಡೀರಿ, ದಿನದ ಸರಾಸರಿ ತಗೋರಿ. ಜೋರು ಗಾಳಿಗೆ ನೀರು ಒಂದು ದಂಡಿಗೆ ಒತ್ತರಿಸಿ ಹುಸಿ ಏರಿಕೆ ತೋರಸ್ತದ. ಹಿಮ ಕರಗಿದ ಮೇಲೆ ಮೇ-ಜೂನ್‌ನಾಗ ಏರಿ, ಅಕ್ಟೋಬರ್-ನವೆಂಬರ್‌ಗೆ ಇಳಿಯೋದು ವಾಡಿಕೆ. ವರ್ಷಕ್ಕ ವರ್ಷ ಹೋಲಿಸೋದಾದರ ಅದೇ ತಿಂಗಳಿಗೇ ಹೋಲಿಸ್ರಿ. ನವೆಂಬರ್ 2022ರ ದಾಖಲೆ ಕನಿಷ್ಠ ಸುಮಾರು 4,188.5 ಅಡಿ ಅಂದರ ಸಮುದ್ರಮಟ್ಟದಿಂದ ಎತ್ತರ, ನೀರಿನ ಆಳ ಅಲ್ಲ.