ಬೆಲ್ ಹೊಡೆಯುವ ಮನೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ಊರು, ಉದ್ಯೋಗದ ವಿವರಗಳನ್ನು ಬದಲಾಯಿಸಿದೆ.)

ಸಹನಾಗೆ 16 ವರ್ಷ. ಮಲೆನಾಡಿನ ಒಂದು ಹಳ್ಳಿ. ತಂದೆ ಸಹಕಾರ ಸಂಘದಲ್ಲಿ ಗುಮಾಸ್ತರು, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಒಂಬತ್ತನೇ ತರಗತಿಯಲ್ಲಿ ಹುಡುಗಿಗೆ ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಶುರುವಾಯಿತು. ವೈದ್ಯರು ನೋಡಿದರು, ಸ್ಕ್ಯಾನಿಂಗ್ ಆಯಿತು, ಏನೂ ಸಿಗಲಿಲ್ಲ. ಭಾನುವಾರ ಮಾತ್ರ ನೋವಿಲ್ಲ. ವರ್ಷ ಮುಗಿಯುತ್ತಲೇ ಶಾಲೆ ಬಿಡಿಸಿ ಎನ್‌ಐಒಎಸ್‌ಗೆ, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಗೆ, ಹೆಸರು ಕಟ್ಟಿದರು. ಮನೆಯಲ್ಲೇ ಓದಿ ಮರುವರ್ಷದ ಏಪ್ರಿಲ್‌ನಲ್ಲಿ ಹತ್ತನೇ ತರಗತಿ ಪಾಸಾದಳು, ಒಳ್ಳೆಯ ಅಂಕಗಳೂ ಬಂದವು. ಮುಂದಿನ ಗುರಿ ಹನ್ನೆರಡನೇ ತರಗತಿ, ಆಮೇಲೆ ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಬರೆದು ಎಂಜಿನಿಯರಿಂಗ್.

ನಮ್ಮಲ್ಲಿಗೆ ಬಂದದ್ದು ಅದರ ಮರುವರ್ಷದ ಫೆಬ್ರುವರಿಯಲ್ಲಿ. ಹೊಟ್ಟೆನೋವು ಮತ್ತೆ ಬಂದಿತ್ತು, ಈ ಸಲ ಭಾನುವಾರವೂ ಬಿಡುತ್ತಿರಲಿಲ್ಲ.

ತಂದೆ ಒಂದು ವೇಳಾಪಟ್ಟಿಯನ್ನು ಮಡಚಿ ತಂದಿದ್ದರು. ಬೆಳಿಗ್ಗೆ 5:30ಕ್ಕೆ ಎದ್ದೇಳುವುದು, 6ಕ್ಕೆ ಗಣಿತ, 8:30ರಿಂದ 45 ನಿಮಿಷದ ಎಂಟು ಪೀರಿಯಡ್, ರಾತ್ರಿ 7ರಿಂದ 9 ಅಪ್ಪನ ಪರೀಕ್ಷೆ. ಪ್ರತಿ ಪೀರಿಯಡ್‌ಗೂ ಮೊಬೈಲ್‌ನಲ್ಲಿ ಶಾಲೆಯ ಬೆಲ್ಲಿನದೇ ಸದ್ದು. "ಶಿಸ್ತು ತಪ್ಪಬಾರದು ಅಂತ ಹಾಕಿದ್ದು ಮೇಡಂ" ಎಂದರು. ತಾಯಿ ಏನೂ ಹೇಳದೆ ಸೆರಗಿನ ತುದಿ ಸುತ್ತುತ್ತಿದ್ದರು. ಸಹನಾ ಒಬ್ಬಳೇ ಕೂತಾಗ ಇಷ್ಟು ಹೇಳಿದಳು: "ಮುಂಚೆ ಶಾಲೆ ಬಿಟ್ಮೇಲೆ ಮನೆಗೆ ಬರ್ತಿದ್ದೆ. ಈಗ ಎಲ್ಲಿಗೆ ಹೋಗ್ಲಿ?"

ಬದುಕೇ ಬೇಡ ಅನ್ನಿಸಿದ್ದುಂಟೇ ಎಂದು ನೇರವಾಗಿಯೇ ಕೇಳಿದೆವು. ಇಂಥ ಪ್ರಕರಣದಲ್ಲಿ ಸುತ್ತಿ ಬಳಸಿ ಕೇಳಬಾರದು. ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆವು. ಊಟ ಅರ್ಧಕ್ಕೆ ಇಳಿದಿತ್ತು, ನಿದ್ದೆ ಐದು ಗಂಟೆ. ರಕ್ತದ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಲು ಹೇಳಿದೆವು. ಹಿಮೋಗ್ಲೋಬಿನ್ ಕಡಿಮೆ ಇತ್ತು, ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು.

ಈ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ತಂದೆಯೊಬ್ಬರೇ ಮೇಷ್ಟ್ರು, ಹೆಡ್‌ಮಾಸ್ಟರು, ಪರೀಕ್ಷಕರು ಮೂರೂ ಆಗಿದ್ದರು, ತೊಂದರೆ ಇದ್ದದ್ದು ಅಲ್ಲಿ. ಹುಡುಗಿಗೆ ಲೆಕ್ಕ ತಪ್ಪಿದರೆ ಅಪ್ಪನೇ ಕೈತಪ್ಪಿದ ಹಾಗೆ ಆಗುತ್ತಿತ್ತು. ಹದಿಹರೆಯದ ಮಗುವನ್ನು ಮನೆಯಲ್ಲಿ ಓದಿಸುವವರು ಮೊದಲು ಮಾಡಬೇಕಾದ ಕೆಲಸವೆಂದರೆ ಅಂಕ ಹಾಕುವ ಕೈಯನ್ನು ಮನೆಯಿಂದ ಹೊರಗಿಡುವುದು. ಹಾಗಾಗಿ ಮೊದಲ ಸಲಹೆ ಅದೇ ಆಯಿತು. ಗಣಿತ ಮತ್ತು ಭೌತಶಾಸ್ತ್ರಕ್ಕೆ ಊರಿನಲ್ಲೇ ನಿವೃತ್ತ ಉಪನ್ಯಾಸಕರೊಬ್ಬರು ಸಿಕ್ಕರು. ವಾರಕ್ಕೆ ಎರಡು ದಿನ ಒಂದೂವರೆ ಗಂಟೆ ಪಾಠ, ಎರಡು ವಾರಕ್ಕೊಮ್ಮೆ ಅವರ ಮನೆಯಲ್ಲೇ ಕೂತು ಮೂರು ಗಂಟೆಯ ಪೂರ್ತಿ ಪ್ರಶ್ನೆಪತ್ರಿಕೆ. ತಿದ್ದಿದ ಉತ್ತರಪತ್ರಿಕೆ ಸಹನಾಳ ಕೈಗೆ ಬರಬೇಕು, ತೋರಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು. ತಂದೆಗೆ ಇದು ಕಷ್ಟವಾಯಿತು. ಬದಲಿಗೆ ತಿಂಗಳಿಗೊಮ್ಮೆ ಉಪನ್ಯಾಸಕರನ್ನೇ ಕಂಡು ಮಾತಾಡಲಿ ಎಂದು ಒಪ್ಪಂದವಾಯಿತು.

ಬೆಲ್ ತೆಗೆಸಿದೆವು. ದಿನಕ್ಕೆ ಗಟ್ಟಿಯಾಗಿ ಓದುವುದು ನಾಲ್ಕು ಗಂಟೆಗಿಂತ ತುಸು ಹೆಚ್ಚು, 50 ನಿಮಿಷದ ಐದು ಬೈಠಕ್, ಮಧ್ಯೆ ಬಿಡುವು. ಯಾವ ವಿಷಯ ಯಾವ ಹೊತ್ತಿಗೆ ಎಂಬುದನ್ನು ಭಾನುವಾರ ಸಂಜೆ ಅವಳೇ ಬರೆಯುವುದು. ಇಷ್ಟು ಸಾಕೇ ಎಂದು ತಂದೆ ಕೇಳಿದರು. ಶಾಲೆಯ ಏಳು ಗಂಟೆಯಲ್ಲಿ ಹಾಜರಿ, ಪ್ರಾರ್ಥನೆ, ಕಾಯುವುದು, ಬೇರೆ ಮಕ್ಕಳ ಪ್ರಶ್ನೆ ಎಲ್ಲ ಸೇರಿರುತ್ತದೆ. ಒಬ್ಬಳೇ ಕೂತು ನಾಲ್ಕು ಗಂಟೆ ಓದಿದರೆ ಅದು ಕಡಿಮೆಯಲ್ಲ. ಎಂಟು ಗಂಟೆ ಕೂರಿಸಿದರೆ ಕಡೆಯ ಮೂರು ಗಂಟೆ ಬರೀ ಪುಟ ತಿರುಗಿಸುವುದಾಗುತ್ತದೆ.

ಎರಡನೆಯ ಭೇಟಿಯನ್ನು ಪೂರ್ತಿ ಕಾಗದಪತ್ರಕ್ಕೆ ಕೊಟ್ಟೆವು. ಆಪ್ತಸಲಹೆಗೂ ಇದಕ್ಕೂ ಏನು ಸಂಬಂಧ ಎನ್ನಿಸಬಹುದು. ಮನೆಶಿಕ್ಷಣದ ಮನೆಗಳಲ್ಲಿ ಅರ್ಧದಷ್ಟು ಆತಂಕ ಹುಟ್ಟುವುದೇ ಕಾಲೇಜಿನ ಬಾಗಿಲಲ್ಲಿ ಏನು ಕೇಳುತ್ತಾರೋ ಎಂಬ ಗೊಂದಲದಿಂದ.

ಇಲ್ಲಿ ಒಂದು ಪೆಟ್ಟು ಕಾದಿತ್ತು. ತಂದೆ ಸಿಇಟಿಯ ಗ್ರಾಮೀಣ ಮೀಸಲಾತಿಯನ್ನು ನಂಬಿದ್ದರು. ಆ ಶೇ. 15ರ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಸಹನಾ ಒಂಬತ್ತು ವರ್ಷ ಓದಿ ಬಿಟ್ಟಿದ್ದಳು. ಕನ್ನಡ ಮಾಧ್ಯಮದ ಶೇ. 5ಕ್ಕೂ ಇದೇ ಹತ್ತು ವರ್ಷದ ಲೆಕ್ಕ. ಒಂದು ವರ್ಷದಲ್ಲಿ ಎರಡೂ ಕೈತಪ್ಪಿದವು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಹಳ್ಳಿಯಲ್ಲಿ ಓದುವ ಮಗುವನ್ನು ಎಂಟಕ್ಕೋ ಒಂಬತ್ತಕ್ಕೋ ಶಾಲೆ ಬಿಡಿಸುವ ಯೋಚನೆಯಿದ್ದವರು ದಯವಿಟ್ಟು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಗುವಿನ ಆರೋಗ್ಯಕ್ಕಾಗಿ ಬಿಡಿಸಲೇಬೇಕಾದರೆ ಬಿಡಿಸಿ, ಆದರೆ ಬಿಡುವುದು ಏನನ್ನು ಎಂದು ಗೊತ್ತಿದ್ದು ಬಿಡಿಸಿ.

ಸಮಾಧಾನದ ಸುದ್ದಿಯೂ ಇತ್ತು. ಸಿಇಟಿ ಮೂಲಕ ಸರ್ಕಾರಿ ಸೀಟಿಗೆ ಅರ್ಹತೆ ಪಡೆಯುವ ಸಾಮಾನ್ಯ ದಾರಿಯಲ್ಲಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು, ಹತ್ತು ಅಥವಾ ಹನ್ನೆರಡನ್ನು ಇಲ್ಲಿಂದ ಪಾಸಾಗಿರಬೇಕು. ಅವಳ ಒಂಬತ್ತು ವರ್ಷ ಆ ಏಳಕ್ಕೆ ಸಾಕು. ಹಳೆಯ ಶಾಲೆಗೆ ಹೋಗಿ ಒಂದರಿಂದ ಒಂಬತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಈಗಲೇ ತೆಗೆದುಕೊಂಡು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಾಡಿಸಿ ಇಟ್ಟುಕೊಳ್ಳಲು ಹೇಳಿದೆವು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ನಾಡಕಚೇರಿಯಿಂದ ಬರಬೇಕು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ ಇತ್ತು. ಹೆಸರು ತಿದ್ದಿಸಲು ತಿಂಗಳುಗಳೇ ಬೇಕು, ಸೀಟು ಹಂಚುವ ಜೂನ್-ಜುಲೈನಲ್ಲಿ ಓಡಾಡಿದರೆ ಆಗುವ ಕೆಲಸವಲ್ಲ. ಇನ್ನೊಂದು ಮಾತು: ಪಿಯು ಮಂಡಳಿಯ ಮಕ್ಕಳ ಅಂಕ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರಕ್ಕೆ ತಾನಾಗಿಯೇ ತಲುಪುತ್ತದೆ, ಬೇರೆ ಮಂಡಳಿಯವರು ತಾವೇ ಜಾಲತಾಣದಲ್ಲಿ ತುಂಬಬೇಕು. ಮರೆತರೆ ರ‍್ಯಾಂಕ್ ಬರುವುದಿಲ್ಲ.

"ಎನ್‌ಐಒಎಸ್‌ನಲ್ಲಿ ಪಾಸಾದರೆ ಸಾಕು, ಸಿಇಟಿಯಲ್ಲಿ ಅಂಕ ತೆಗೆದರಾಯಿತು" ಎಂಬ ನಂಬಿಕೆಯೂ ಮನೆಯಲ್ಲಿತ್ತು. ಅದು ತಪ್ಪು. ಎಂಜಿನಿಯರಿಂಗ್ ರ‍್ಯಾಂಕಿಗೆ ಹನ್ನೆರಡನೇ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅರ್ಧ. ಎನ್‌ಐಒಎಸ್‌ನಲ್ಲಿ 33 ಅಂಕಕ್ಕೆ ಪಾಸಾಗಬಹುದು, ಆ 33 ಇಟ್ಟುಕೊಂಡು ಒಳ್ಳೆಯ ಕಾಲೇಜು ಸಿಗುವುದಿಲ್ಲ. ಟಿಎಂಎ ಎನ್ನುವ ಮನೆಯಲ್ಲೇ ಬರೆದು ಕಳಿಸುವ ಕೆಲಸಕ್ಕೆ ಶೇ. 20ರ ತೂಕವಿದೆ. ಅದನ್ನು ಕಡೆಯ ರಾತ್ರಿ ಯಾರದ್ದೋ ನೋಡಿ ಬರೆದು ಅಪ್‌ಲೋಡ್ ಮಾಡುವ ಮಕ್ಕಳೇ ಹೆಚ್ಚು. ಸಹನಾಗೆ ಒಂದೊಂದು ವಿಷಯಕ್ಕೆ ಒಂದು ವಾರ ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿದೆವು.

ಪರೀಕ್ಷೆಯನ್ನು ಹೇಗೆ ಹಂಚುವುದು ಎಂಬುದರಲ್ಲಿ ಮುಕ್ತ ಶಾಲೆ ಕೊಡುವ ಅನುಕೂಲವನ್ನು ಈ ಮನೆಯವರು ಬಳಸಿಯೇ ಇರಲಿಲ್ಲ. ಐದೂ ವಿಷಯವನ್ನು ಮುಂದಿನ ಏಪ್ರಿಲ್-ಮೇಯಲ್ಲಿ ಒಟ್ಟಿಗೆ ಬರೆಯುವುದು ಅವರ ಯೋಜನೆ. ಅದೇ ಏಪ್ರಿಲ್‌ನಲ್ಲಿ ಸಿಇಟಿ. ಹತ್ತನೇ ತರಗತಿ ಪಾಸಾಗಿ ಒಂದು ವರ್ಷ ಕಳೆದರೆ ನಾಲ್ಕು ವಿಷಯಗಳವರೆಗೆ ಬರೆಯಬಹುದು, ಪ್ರಮಾಣಪತ್ರಕ್ಕೆ ಮಾತ್ರ ಎರಡು ವರ್ಷದ ಅಂತರ ಬೇಕು. ಹಾಗಾಗಿ ಇಂಗ್ಲಿಷ್, ಕಂಪ್ಯೂಟರ್ ಸೈನ್ಸ್, ರಸಾಯನಶಾಸ್ತ್ರ ಈ ವರ್ಷದ ಅಕ್ಟೋಬರ್-ನವೆಂಬರ್‌ಗೆ, ಭೌತಶಾಸ್ತ್ರ ಮತ್ತು ಗಣಿತ ಮುಂದಿನ ಏಪ್ರಿಲ್‌ಗೆ ಎಂದು ಹಂಚಿದೆವು. ಐಐಟಿ ಪ್ರವೇಶದ ಜೆಇಇ ಅಡ್ವಾನ್ಸ್‌ಡ್ ಮನಸ್ಸಿನಲ್ಲಿರುವವರು ಹೀಗೆ ಹಂಚುವ ಮುನ್ನ ಆ ವರ್ಷದ ಮಾಹಿತಿಪುಸ್ತಕ ಓದಲೇಬೇಕು. ಅಲ್ಲಿ ಹನ್ನೆರಡನ್ನು ಮೊದಲ ಸಲ ಬರೆದ ವರ್ಷದಿಂದ ಅವಕಾಶ ಎಣಿಸುತ್ತಾರೆ. ಸಹನಾಗೆ ಆ ಗುರಿ ಇರಲಿಲ್ಲ.

ಸಿಇಟಿಗೆ ಎನ್‌ಐಒಎಸ್ ಪುಸ್ತಕವೊಂದೇ ಸಾಲದು. ಸಿಇಟಿ ನಡೆಯುವುದು ಪಿಯು ಪಠ್ಯದ ಮೇಲೆ, ಆ ಪಠ್ಯ ಎನ್‌ಸಿಇಆರ್‌ಟಿಯದು. ಎರಡೂ ಪುಸ್ತಕದ ಪರಿವಿಡಿ ಪಕ್ಕಪಕ್ಕ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಅಧ್ಯಾಯಗಳಿಗೆ ಕೆಂಪು ಗೆರೆ ಹಾಕಿಸಿದೆವು. ಸಿಇಟಿಯ ಒಂದೊಂದು ವಿಷಯದಲ್ಲೂ 60 ಪ್ರಶ್ನೆಗೆ 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದೂ ಖಾಲಿ ಬಿಡಬಾರದು. ಅಭ್ಯಾಸವನ್ನು ಒಎಂಆರ್ ಹಾಳೆಯ ಮೇಲೆಯೇ ಮಾಡಬೇಕು, ಏಕೆಂದರೆ ಮನೆಯಲ್ಲಿ ಓದಿದ ಮಕ್ಕಳು ವೃತ್ತ ತುಂಬುವುದರಲ್ಲೇ ಹತ್ತು ನಿಮಿಷ ಕಳೆಯುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಪ್ರಾಯೋಗಿಕ ಪರೀಕ್ಷೆ. ಥಿಯರಿಯಲ್ಲಿ ಎಷ್ಟೇ ಬಂದರೂ ಪ್ರಾಯೋಗಿಕದಲ್ಲಿ ಬೇರೆಯಾಗಿ ಪಾಸಾಗಬೇಕು. ಸಹನಾ ಪ್ರಯೋಗಗಳನ್ನೆಲ್ಲ ಯೂಟ್ಯೂಬ್‌ನಲ್ಲಿ ನೋಡಿದ್ದಳು. ಬ್ಯುರೆಟ್ಟನ್ನು, ಅಂದರೆ ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆಯನ್ನು, ಕೈಯಲ್ಲಿ ಹಿಡಿದಿರಲಿಲ್ಲ. ಹತ್ತಿರದ ಕಾಲೇಜೊಂದರ ಪ್ರಾಂಶುಪಾಲರಿಗೆ ಅರ್ಜಿ ಬರೆಸಿದೆವು: ಜೂನ್‌ನಿಂದ ಆಗಸ್ಟ್‌ವರೆಗೆ ಶನಿವಾರ ಮಧ್ಯಾಹ್ನ, ಒಟ್ಟು ಹತ್ತು ಸಲ, ರಾಸಾಯನಿಕದ ಖರ್ಚು ಮತ್ತು ಒಡೆದ ಗಾಜಿನ ಬೆಲೆ ನಮ್ಮದು, ಉಪನ್ಯಾಸಕರೊಬ್ಬರ ಎದುರಲ್ಲೇ ಕೆಲಸ. ಒಪ್ಪಿದರು.

ಮೊದಲ ಶನಿವಾರ ಪೊಟ್ಯಾಸಿಯಮ್ ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಷನ್. ಫ್ಲಾಸ್ಕಿನಲ್ಲಿ ಕಂದು ಕದಡು ಬಂತು. ಪುಸ್ತಕದಲ್ಲಿದ್ದ ತಿಳಿಗುಲಾಬಿ ಬರಲೇ ಇಲ್ಲ. ಸಲ್ಫ್ಯೂರಿಕ್ ಆಮ್ಲ ಕಡಿಮೆ ಹಾಕಿದ್ದಳು. ಎರಡನೆಯ ಸಲ ದ್ರಾವಣ ಬಿಸಿ ಮಾಡಲು ಮರೆತಳು, ಬಿದ್ದ ಹನಿಯ ಬಣ್ಣ ಹೋಗಲೇ ಇಲ್ಲ. 60ರಿಂದ 70 ಡಿಗ್ರಿಗೆ ಕಾಯಿಸಿದರೆ ಮಾತ್ರ ಆ ಕ್ರಿಯೆ ಚುರುಕಾಗುತ್ತದೆ. ಮೂರನೆಯ ಸಲ ಗುಲಾಬಿ ಬಂದು ನಿಂತಿತು, ಆದರೆ ಓದಿದ ಅಂಕಿ ತಪ್ಪಾಯಿತು. ಬ್ಯುರೆಟ್ಟಿನಲ್ಲಿ ದ್ರಾವಣದ ಮೇಲ್ಮೈ ಬಾಗಿರುತ್ತದೆ. ಬಣ್ಣವಿಲ್ಲದ ದ್ರಾವಣದಲ್ಲಿ ಕೆಳಗಿನ ಬಾಗು ನೋಡಬೇಕು, ಪರ್ಮಾಂಗನೇಟ್ ಗಾಢವಾದ್ದರಿಂದ ಮೇಲಿನ ಅಂಚು ನೋಡಬೇಕು. ಮೂರು ತಪ್ಪೂ ವಿಡಿಯೋದಲ್ಲಿ ಗೊತ್ತಾಗುವಂಥದ್ದಲ್ಲ. ಮುಂದಿನ ಭೇಟಿಯಲ್ಲಿ ಬೆರಳ ತುದಿಯ ಕಂದು ಕಲೆ ತೋರಿಸಿ ಇದನ್ನೆಲ್ಲ ಅವಳೇ ಹೇಳಿದಳು. ತಪ್ಪಿದ್ದನ್ನು ಹೆದರದೆ ಹೇಳಿದ್ದು ಅದೇ ಮೊದಲು. ನಮ್ಮ ದಾಖಲೆಯಲ್ಲಿ ಆ ದಿನಕ್ಕೆ ಗುರುತು ಹಾಕಿಕೊಂಡೆವು.

ಕಾಲೇಜಿಗೆ ಬೇಕಾದ ಉಳಿದ ತಯಾರಿ ಚಿಕ್ಕಚಿಕ್ಕದು, ಆದರೆ ಮನೆಯಲ್ಲಿ ಓದಿದವರಿಗೆ ಅದೇ ದೊಡ್ಡದಾಗಿ ಕಾಣುತ್ತದೆ. ಒಬ್ಬಳೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುವುದು, ಬ್ಯಾಂಕಿನ ಚಲನ್ ತುಂಬುವುದು, ಅಪರಿಚಿತರ ಮುಂದೆ ಎದ್ದು ಪ್ರಶ್ನೆ ಕೇಳುವುದು, ಅರವತ್ತು ಜನರ ನಡುವೆ ಕೂತು ಒಂದು ಗಂಟೆ ಟಿಪ್ಪಣಿ ಬರೆಯುವುದು. ಮೊದಲ ಸಲದ ಬಸ್ಸಿಗೆ ತಾಯಿ ಜೊತೆಗೆ ಹೋಗಿ ಹಿಂದಿನ ಸೀಟಿನಲ್ಲಿ ಕೂರಲಿ, ಎರಡನೆಯ ಸಲ ನಿಲ್ದಾಣದವರೆಗೆ ಮಾತ್ರ, ಮೂರನೆಯ ಸಲ ಮನೆಬಾಗಿಲಲ್ಲೇ ಬೀಳ್ಕೊಡಲಿ ಎಂದೆವು. ಹಳೆಯ ಶಾಲೆಯಲ್ಲಿ ಶುರುವಾದ ಆತಂಕ ಇನ್ನೂ ಪೂರ್ತಿ ಹೋಗಿಲ್ಲ. ಕಾಲೇಜಿನ ತರಗತಿಯಲ್ಲಿ ಅದು ತಲೆಯೆತ್ತಬಹುದು, ಅದಕ್ಕಾಗಿ ಮೊದಲ ಸೆಮಿಸ್ಟರ್ ಮುಗಿಯುವವರೆಗೆ ಭೇಟಿ ನಿಲ್ಲಿಸುವುದಿಲ್ಲ.

ತಂದೆಗೆ ಕೊಟ್ಟ ಮನೆಗೆಲಸ ಒಂದೇ. ಸಂಜೆ ಕೆಲಸದಿಂದ ಬಂದ ಮೇಲೆ ಅರ್ಧ ಗಂಟೆ ಓದಿನ ಸುದ್ದಿ ಎತ್ತಬಾರದು. ಮೊದಲ ವಾರ ಏನು ಮಾತಾಡುವುದೆಂದು ತಿಳಿಯದೆ ಸುಮ್ಮನೆ ಕೂರುತ್ತಿದ್ದರಂತೆ. ಆಮೇಲೆ ಇಬ್ಬರೂ ಸೇರಿ ಸಂಜೆ ಅಡಿಕೆ ಗಿಡಗಳಿಗೆ ನೀರು ಬಿಡಲು ಹೋಗತೊಡಗಿದರು. ಆಗಸ್ಟ್‌ನ ಭೇಟಿಯಲ್ಲಿ ಹೊಟ್ಟೆನೋವಿನ ಬಗ್ಗೆ ನಾವು ಕೇಳಿದಾಗ ತಾಯಿ, ಮಗಳು ಮುಖ ಮುಖ ನೋಡಿಕೊಂಡರು. ಕಡೆಯ ಸಲ ಯಾವಾಗ ಬಂದಿತ್ತೆಂದು ಇಬ್ಬರಿಗೂ ನೆನಪಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ರಸಾಯನಶಾಸ್ತ್ರದ ಪ್ರಾಯೋಗಿಕ ಇದೆ, ಅದು ಮುಗಿದ ವಾರ ಮತ್ತೆ ಬರುತ್ತಾರೆ.