543 ಸಂಸದರಿಗೆ 888 ಸೀಟು ಯಾಕೆ?

ಮುಂದೆ ಸಂಸದರ ಸಂಖ್ಯೆ ಜಾಸ್ತಿಯಾಗಬಹುದು ಎಂದೇ ದೆಹಲಿಯ ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಸೀಟು ಇಟ್ಟಿದ್ದಾರೆ.

ಈಗಿನ 543 ಸ್ಥಾನಗಳನ್ನು ರಾಜ್ಯಗಳಿಗೆ ಹಂಚಿರುವುದು 1971ರ ಜನಗಣತಿ ನೋಡಿ. ಆಗ ದೇಶದಲ್ಲಿ ಇದ್ದದ್ದು ಸುಮಾರು 55 ಕೋಟಿ ಜನ. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ನಷ್ಟವಾಗಬಾರದು, ಅಲ್ವಾ? ಅದಕ್ಕೇ 1976ರಲ್ಲಿ ಈ ಹಂಚಿಕೆ ಬದಲಾಗದಂತೆ ತಡೆ ಹಾಕಿದರು. 2001ರಲ್ಲಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿದರು. ಕರ್ನಾಟಕದ 28 ಸ್ಥಾನಗಳೂ ಇದೇ ಲೆಕ್ಕದ್ದು.

1927ರ ಹಳೇ ದುಂಡು ಕಟ್ಟಡದಲ್ಲಿ ಅಷ್ಟು ಕುರ್ಚಿ ಹಿಡಿಸುತ್ತಿರಲಿಲ್ಲ. ಹಳೆಯದರಲ್ಲಿ ಲೋಕಸಭೆ, ರಾಜ್ಯಸಭೆ ಎರಡೂ ಒಟ್ಟಿಗೆ ಸೇರುತ್ತಿದ್ದ ಸೆಂಟ್ರಲ್ ಹಾಲ್ ಹೊಸದರಲ್ಲಿ ಇಲ್ಲ. ಜಂಟಿ ಅಧಿವೇಶನಕ್ಕೆ ಲೋಕಸಭೆಯಲ್ಲೇ 1,272 ಮಂದಿ ಕೂರಬಹುದು.

ಸೀಟು ಇದೆ ಎಂದು ಸುಮ್ನೆ ಸಂಸದರು ಹೆಚ್ಚುವುದಿಲ್ಲ, ಅದಕ್ಕೆ ಸಂವಿಧಾನ ತಿದ್ದುಪಡಿಯೇ ಆಗಬೇಕು. ಆಗ ಜನಸಂಖ್ಯೆ ಹತೋಟಿಗೆ ತಂದ ದಕ್ಷಿಣದ ರಾಜ್ಯಗಳ ಪಾಲು ಕುಗ್ಗಬಾರದು ಅನ್ನುವುದು ನನ್ನ ಕಳಕಳಿ.