ಬ್ಲೂ ಟಿಕ್ ಬಿದ್ದ ಮೇಲೆ

ಪ್ರಿಯ ಓದುಗರೇ,

ಹೆಸರನ್ನು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ವೈದ್ಯರು ಇನ್ನೊಂದು ತಪಾಸಣೆ ಮಾಡಿಸಬೇಕೆಂದಿದ್ದಾರೆ, ಮನಸ್ಸಿಗೆ ಸಮಾಧಾನವೇ ಇಲ್ಲ ಎಂದು ಮೂವತ್ತು ವರ್ಷಗಳ ಗೆಳತಿಯೊಬ್ಬರಿಗೆ ಒಂದು ರಾತ್ರಿ ನೀವು ವಾಟ್ಸ್‌ಆ್ಯಪ್‌ನಲ್ಲಿ ಬರೆದಿರಿ. ಕೆಲವೇ ನಿಮಿಷಗಳಲ್ಲಿ ಎರಡೂ ಟಿಕ್ ನೀಲಿಯಾದವು. ಅವರು ಟೈಪ್ ಮಾಡುತ್ತಿದ್ದಾರೆಂಬ ಸೂಚನೆ ಒಮ್ಮೆ ಕಾಣಿಸಿಕೊಂಡು ಮಾಯವಾಯಿತು. ಆಮೇಲೆ ಒಂಬತ್ತು ದಿನ ಉತ್ತರವಿಲ್ಲ. ನಡುವೆ ಅವರು ಸ್ಟೇಟಸ್‌ಗೆ ಹೂವಿನ ಚಿತ್ರ ಹಾಕಿದ್ದನ್ನೂ ನೀವು ನೋಡಿದಿರಿ. ತಪಾಸಣೆಯಲ್ಲಿ ಚಿಂತಿಸುವಂಥದ್ದು ಏನೂ ಇಲ್ಲವೆಂದು ತಿಳಿದ ಮೇಲೂ ಆ ಮೌನ ಮಾತ್ರ ಮುರಿದ ಮುಳ್ಳಿನಂತೆ ಒಳಗೇ ಉಳಿದಿದೆ. "ಇಷ್ಟಕ್ಕೇ ನೊಂದುಕೊಳ್ಳುವುದು ನನ್ನ ಸಣ್ಣತನವೇ? ಬ್ಲೂ ಟಿಕ್ ನಿಲ್ಲಿಸಿಬಿಡಲೇ? ಇನ್ನು ಆಕೆಗೆ ಬರೆಯದೆ ಸುಮ್ಮನಿದ್ದುಬಿಡಲೇ?" ಎಂದು ಕೇಳಿದ್ದೀರಿ.

ಸಣ್ಣತನವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ "ಇದೇನೂ ದೊಡ್ಡ ವಿಷಯವಲ್ಲ", "ನಿಮ್ಮ ಸಮಯ ಹಾಳುಮಾಡುತ್ತಿದ್ದೇನೆ" ಎಂಬಂಥ ಮಾತುಗಳು ನಿಮ್ಮ ಪತ್ರದಲ್ಲಿ ನಾಲ್ಕು ಕಡೆ ಬಂದಿವೆ. ಭಯವಾದಾಗ ಒಬ್ಬರನ್ನು ನೆನೆದು ಬರೆಯುವುದೆಂದರೆ ಅವರ ಬಾಗಿಲು ತಟ್ಟಿದಂತೆಯೇ. ಒಳಗೆ ಹೆಜ್ಜೆಯ ಸದ್ದು ಕೇಳಿಸಿ, ಚಿಲಕ ಅಲುಗಾಡಿ, ಆಮೇಲೂ ಬಾಗಿಲು ತೆರೆಯದಿದ್ದರೆ, ಮನೆಗೆ ಬೀಗ ಹಾಕಿದ್ದಾಗ ಆಗುವುದಕ್ಕಿಂತ ಎಷ್ಟೋ ಹೆಚ್ಚು ನೋವಾಗುತ್ತದೆ. ಉತ್ತರ ಬಾರದಿರುವುದು ಎಲ್ಲ ಕಾಲದಲ್ಲೂ ಇತ್ತು. ಬಾರದಿರುವುದನ್ನು ಕ್ಷಣಕ್ಷಣಕ್ಕೂ ಕಣ್ಣಾರೆ ನೋಡುತ್ತ ಕೂರುವ ಪಾಡು ಮಾತ್ರ ಹೊಸದು.

ಎಷ್ಟು ಹೊಸದೆಂದು ನೆನಪಿಸಿಕೊಳ್ಳುವುದು ಒಳ್ಳೆಯದು. ವಾಟ್ಸ್‌ಆ್ಯಪ್ ಆರಂಭವಾದದ್ದು 2009ರಲ್ಲಾದರೂ ಬ್ಲೂ ಟಿಕ್ ಬಂದದ್ದು 2014ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ ಎರಡು ಬೂದು ಟಿಕ್‌ಗಳು ಸಂದೇಶವು ಆ ಕಡೆಯ ಫೋನನ್ನು ತಲುಪಿತೆಂದಷ್ಟೇ ಹೇಳುತ್ತಿದ್ದವು; "ಇನ್ನೂ ನೋಡಿರಲಿಕ್ಕಿಲ್ಲ" ಎಂದುಕೊಂಡು ಮನಸ್ಸನ್ನು ಸಮಾಧಾನಪಡಿಸಿಕೊಳ್ಳಲು ಕಳುಹಿಸಿದವರಿಗೂ, ನಿಧಾನವಾಗಿ ಯೋಚಿಸಿ ಉತ್ತರಿಸಲು ಓದಿದವರಿಗೂ ಒಂದಿಷ್ಟು ಜಾಗವಿರುತ್ತಿತ್ತು. ನೀಲಿ ಬಣ್ಣ ಆ ಜಾಗವನ್ನು ಕಸಿದುಕೊಂಡಿತು. ಜನ ಎಷ್ಟು ಕಸಿವಿಸಿಗೊಂಡರೆಂದರೆ, ಅದನ್ನು ನಿಲ್ಲಿಸುವ ಆಯ್ಕೆಯನ್ನು ಕಂಪನಿ ಬೇಗನೆ ಸೇರಿಸಬೇಕಾಯಿತು. ಆದರೆ ಅದಕ್ಕೊಂದು ಷರತ್ತಿದೆ: ನೀವು ಓದಿದ್ದನ್ನು ಇತರರಿಂದ ಮರೆಮಾಡಿದರೆ, ಅವರು ಓದಿದ್ದು ನಿಮಗೂ ಕಾಣುವುದಿಲ್ಲ.

ತಲುಪಿದ್ದಕ್ಕೆ ಗುರುತು ಕೇಳುವ ಪದ್ಧತಿಯೇನೋ ಹಳೆಯದೇ. ರಿಜಿಸ್ಟರ್ಡ್ ಅಂಚೆಯಲ್ಲಿ, ಬೇಕೆಂದು ಕೇಳಿದರೆ, ಪಡೆದವರ ಸಹಿಯೊಂದಿಗೆ ಸ್ವೀಕೃತಿ ಚೀಟಿ ಕಳುಹಿಸಿದವರಿಗೆ ಮರಳಿ ಬರುತ್ತಿತ್ತು. ಆದರೆ ಅದು ಯಾವ ಕಾಗದಗಳ ಜೊತೆ ಹೋಗುತ್ತಿತ್ತೆಂದು ಯೋಚಿಸಿ ನೋಡಿ: ವಕೀಲರ ನೋಟಿಸು, ಸಾಲದ ತಗಾದೆ, ಆಸ್ತಿಯ ಪತ್ರ. ನಾಳೆ ಎದುರಿನವರು "ನನಗೆ ತಲುಪಲೇ ಇಲ್ಲ" ಎಂದುಬಿಟ್ಟಾರು ಎಂಬ ಅಪನಂಬಿಕೆ ಇದ್ದ ಕಡೆ ಮಾತ್ರ ಅದು ಬೇಕಾಗುತ್ತಿತ್ತು. ಗೆಳತಿಗೆ ಬರೆದ ಕಾಗದಕ್ಕೆ ಯಾರೂ ಸ್ವೀಕೃತಿ ಚೀಟಿ ಅಂಟಿಸುತ್ತಿರಲಿಲ್ಲ. ಇ-ಮೇಲ್‌ನಲ್ಲಿ ಓದಿದ್ದಕ್ಕೆ ರಸೀದಿ ಕೇಳುವ ಸೌಲಭ್ಯವಿದೆಯಾದರೂ, ಅದನ್ನು ಕಳುಹಿಸಬೇಕೋ ಬೇಡವೋ ಎಂದು ಸಾಮಾನ್ಯವಾಗಿ ಓದುವವರನ್ನೇ ಕೇಳಲಾಗುತ್ತದೆ. ವ್ಯಾಜ್ಯ ವ್ಯವಹಾರಗಳ ಆ ಸಾಕ್ಷಿಯನ್ನು ನಾವು ಯಾರನ್ನೂ ಕೇಳದೆ ಸ್ನೇಹದ ನಡುವೆ ತಂದು ಕೂರಿಸಿಕೊಂಡಿದ್ದೇವೆ, ಅದರ ಮಾತನ್ನು ಸ್ನೇಹಿತರ ಮಾತಿಗಿಂತ ಹೆಚ್ಚು ನಂಬುತ್ತಿದ್ದೇವೆ. ಇದು ನನ್ನನ್ನು ನಿಜವಾಗಿಯೂ ಕಳವಳಕ್ಕೀಡು ಮಾಡುತ್ತದೆ.

ಆ ಸಾಕ್ಷಿ ಹೇಳುವುದಾದರೂ ಎಷ್ಟು? ಸಂಭಾಷಣೆಯ ಪುಟ ಒಂದು ಪರದೆಯ ಮೇಲೆ ತೆರೆದುಕೊಂಡಿತು ಎಂದಷ್ಟೇ. ತೆರೆದವರು ಆಗ ಎಲ್ಲಿದ್ದರು, ಯಾರ ಜೊತೆಗಿದ್ದರು, ಓದಿ ಅವರ ಎದೆ ಧಸಕ್ಕೆಂದಿತೋ, ಅಳು ಬಂತೋ, ಅದಕ್ಕೆ ಗೊತ್ತಿಲ್ಲ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ತಂದೆ ತೀರಿಕೊಂಡ ನಾಲ್ಕನೆಯ ದಿನ ನನಗೊಂದು ಉದ್ದನೆಯ ಸಂದೇಶ ಕಳುಹಿಸಿದರು. ಲಿಫ್ಟ್‌ಗಾಗಿ ಕಾಯುತ್ತ ನಿಂತಿದ್ದಾಗ ಅದನ್ನು ತೆರೆದೆ. ಕಂಕುಳಲ್ಲಿ ಪ್ರೂಫ್ ಹಾಳೆಗಳ ಕಟ್ಟು. ಹೆಬ್ಬೆರಳಿನಿಂದ ಪರದೆಯನ್ನು ಸರಿಸುತ್ತ ಓದಿದೆ. ಕೊನೆಯ ವಾರದಲ್ಲಿ ತಂದೆ ಕಣ್ಣನ್ನೇ ತೆರೆಯುತ್ತಿರಲಿಲ್ಲ, ಆದರೂ ದಿನವೂ ಬೆಳಿಗ್ಗೆ ಅವರ ಕನ್ನಡಕವನ್ನು ಒರೆಸಿ ದಿಂಬಿನ ಪಕ್ಕದಲ್ಲಿ ಇಡುತ್ತಿದ್ದೆ ಎಂದು ಬರೆದಿದ್ದರು. ಆ ಸಾಲನ್ನು ಎರಡು ಸಲ ಓದಿದೆ. ಇಂಥದ್ದಕ್ಕೆ ನಿಂತ ನಿಲುವಿನಲ್ಲಿ ಉತ್ತರಿಸುವುದು ಸರಿಯಲ್ಲ, ರಾತ್ರಿ ಕುಳಿತು ಸಾವಧಾನವಾಗಿ ಬರೆಯಬೇಕು ಎಂದುಕೊಂಡೆ. ಲಿಫ್ಟ್ ಬಂತು.

ಆ ರಾತ್ರಿ ಬರೆಯಲಾಗಲಿಲ್ಲ. ಮೂರನೆಯ ದಿನ ಬರೆಯಲು ಕುಳಿತಾಗ ತಡವಾದುದಕ್ಕೆ ಕ್ಷಮೆ ಕೇಳುವ ಒಂದು ವಾಕ್ಯ ಬೇಕಾಯಿತು. ಎಂಟನೆಯ ದಿನಕ್ಕೆ ಆ ಕ್ಷಮೆಗೊಂದು ಕಾರಣ ಬೇಕಾಯಿತು. ಆಮೇಲೆ ಯಾವ ಕಾರಣವೂ ಅವರ ದುಃಖದ ಮುಂದೆ ನಿಲ್ಲುವಂತೆ ಕಾಣಲಿಲ್ಲ. ಹದಿನೇಳನೆಯ ದಿನ ಧೈರ್ಯ ಮಾಡಿ ಫೋನ್ ಮಾಡಿದೆ. ಅವರು ಸಿಟ್ಟಾಗಲಿಲ್ಲ. "ನೀವು ಓದಿದ್ದು ಅವತ್ತೇ ಗೊತ್ತಾಯಿತು. ನಾನೇ ಏನಾದರೂ ಹೆಚ್ಚುಕಡಿಮೆ ಬರೆದೆನೇನೋ ಅಂತ ನನ್ನ ಮೆಸೇಜನ್ನೇ ಮತ್ತೆ ಮತ್ತೆ ಓದಿಕೊಂಡೆ" ಎಂದರು. ತಂದೆಯನ್ನು ಕಳೆದುಕೊಂಡವರು ಆ ಹದಿನೇಳು ದಿನ ನನ್ನಿಂದಾಗಿ ತಮ್ಮ ಮಾತಿನಲ್ಲಿ ತಪ್ಪು ಹುಡುಕುತ್ತಿದ್ದರು. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಅವರ ಈ ಮಾತೇ.

ಆದ್ದರಿಂದ ನಿಮ್ಮ ಗೆಳತಿಯ ಮೌನ ಉಪೇಕ್ಷೆಯಿಂದಲೇ ಬಂದದ್ದು ಎನ್ನಲು ನನಗೆ ನಾಲಿಗೆ ಬಾರದು. ಟೈಪ್ ಮಾಡತೊಡಗಿ ನಿಲ್ಲಿಸಿದರು ಎಂದಿರಲ್ಲ, ನನಗೆ ಆ ವಿವರವೇ ಹೆಚ್ಚು ಮಾತಾಡುತ್ತದೆ. ಉಪೇಕ್ಷೆ ಮಾಡುವವರು ಅಷ್ಟೂ ಮಾಡುವುದಿಲ್ಲ. ಏನೋ ಬರೆಯಲು ಹೋಗಿ, ಬರೆದದ್ದು ಸಾಲದೆನಿಸಿ ಅಳಿಸಿರಬಹುದು. ಹಾಗಾದರೆ ಹೂವಿನ ಚಿತ್ರ ಹೇಗೆ ಹಾಕಿದರು ಎಂದು ನೀವು ಕೇಳುತ್ತೀರಿ. ಚಿತ್ರ ಹಾಕಲು ಅರ್ಧ ನಿಮಿಷ ಸಾಕು, ಮನಸ್ಸಿನ ತಯಾರಿ ಬೇಕಿಲ್ಲ; ಹೆದರಿದ ಗೆಳತಿಗೆ ಧೈರ್ಯ ಹೇಳಲು ತಯಾರಿ ಬೇಕು. ಮೌನಂ ಸಮ್ಮತಿ ಲಕ್ಷಣಂ ಎಂದು ಹಿಂದಿನವರು ಮೌನಕ್ಕೆ ಒಪ್ಪಿಗೆಯ ಅರ್ಥ ಹಚ್ಚಿದ್ದರು. ನಾವು ಈಗ ಎಲ್ಲ ಮೌನಕ್ಕೂ ತಿರಸ್ಕಾರದ ಅರ್ಥ ಹಚ್ಚುತ್ತಿದ್ದೇವೆ. ಎರಡೂ ಊಹೆಗಳೇ.

ಇಷ್ಟು ಹೇಳಿದ ಮಾತ್ರಕ್ಕೆ ಅವರ ನಡೆಯನ್ನು ನಾನು ಸಮರ್ಥಿಸುತ್ತಿದ್ದೇನೆಂದು ತಿಳಿಯಬೇಡಿ. ಸಾವಧಾನವಾಗಿ ಉತ್ತರಿಸಬೇಕೆಂಬ ಸದುದ್ದೇಶವೇ ಉತ್ತರವನ್ನು ಕೊಲ್ಲುತ್ತದೆ ಎಂಬುದನ್ನು ನಾನು ಅನುಭವದಿಂದ ಕಲಿತಿದ್ದೇನೆ. ಒಬ್ಬರು ಭಯವನ್ನೋ ದುಃಖವನ್ನೋ ಹೇಳಿಕೊಂಡಾಗ, "ಓದಿದೆ. ನಿಮ್ಮ ಜೊತೆಗಿದ್ದೇನೆ. ರಾತ್ರಿ ಬರೆಯುತ್ತೇನೆ" ಎಂಬ ಮೂರು ತುಂಡು ವಾಕ್ಯಗಳು ಆ ಗಳಿಗೆಯಲ್ಲೇ ಹೋಗಬೇಕು, ಲಿಫ್ಟ್‌ನ ಮುಂದೆ ನಿಂತಾದರೂ ಸರಿ. ಬರೀ ಹೆಬ್ಬೆರಳಿನ ಚಿಹ್ನೆ ಕಳುಹಿಸುವವರೂ ಇದ್ದಾರೆ. ಸಭೆಯ ಸಮಯ ಬದಲಾಗಿದೆ ಎಂಬ ಸುದ್ದಿಗೆ ಅದು ಸಾಕು. "ನನಗೆ ಭಯವಾಗುತ್ತಿದೆ" ಎಂಬ ಮಾತಿಗೆ ಸಾಲದು.

ಕಚೇರಿಯ ಮಾತು ಬೇರೆ, ಅದನ್ನು ಇದರೊಂದಿಗೆ ಬೆರೆಸಬಾರದು. ಲಾರಾ ಜುರ್ಜೆ ಮತ್ತು ವನೆಸ್ಸಾ ಬಾನ್ಸ್ ಎಂಬ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಕೆಲಸದ ಅವಧಿ ಮುಗಿದ ಮೇಲೆ ಬರುವ, ತುರ್ತಿಲ್ಲದ ಇ-ಮೇಲ್‌ಗಳಿಗೆ ಕಳುಹಿಸಿದವರು ನಿರೀಕ್ಷಿಸುವುದಕ್ಕಿಂತ ಬೇಗ ಉತ್ತರಿಸಬೇಕೆಂದು ಪಡೆದವರು ಭಾವಿಸುತ್ತಾರೆ. ಅಂದರೆ ಅವಸರವಿಲ್ಲದ ಕಡೆ ಅವಸರಪಟ್ಟು ನಮ್ಮ ಸಂಜೆಗಳನ್ನು ಖರ್ಚು ಮಾಡುತ್ತೇವೆ, ಆಮೇಲೆ ಆಪ್ತರಿಗೆ ಎರಡು ಸಾಲು ಬರೆಯುವ ಹೊತ್ತಿಗೆ ಸುಸ್ತಾಗಿರುತ್ತೇವೆ. ನನ್ನ ವಿಷಯದಲ್ಲಂತೂ ಇದು ಅಕ್ಷರಶಃ ನಿಜವಾಗಿತ್ತು: ಆ ಹದಿನೇಳು ದಿನಗಳಲ್ಲಿ ನಾನು ಕಚೇರಿಯ ಒಂದು ಪತ್ರವನ್ನೂ ಬಾಕಿ ಉಳಿಸಿರಲಿಲ್ಲ.

ಮೊಬೈಲ್ ಸಂದೇಶಗಳ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಮೊತ್ತಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಬ್ರಿಟನ್‌ನಲ್ಲಿ. ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರ್ ಕಂಪ್ಯೂಟರ್‌ನಿಂದ ಕ್ರಿಸ್‌ಮಸ್ ಶುಭಾಶಯವನ್ನು ರಿಚರ್ಡ್ ಜಾರ್ವಿಸ್ ಎಂಬವರ ಫೋನಿಗೆ ಕಳುಹಿಸಿದರು. ಜಾರ್ವಿಸ್ ಉತ್ತರಿಸಲಿಲ್ಲ, ಏಕೆಂದರೆ ಆ ಫೋನಿನಿಂದ ಸಂದೇಶ ಕಳುಹಿಸುವ ವ್ಯವಸ್ಥೆಯೇ ಇರಲಿಲ್ಲ. ಹೀಗೆ ಮೊದಲ ಸಂದೇಶವೇ ಉತ್ತರವಿಲ್ಲದೆ ಉಳಿಯಿತು. ಮನಸ್ಸಿನಲ್ಲಿ ಸಂತೋಷವಿದ್ದೂ ಅದನ್ನು ಹಿಂದಿರುಗಿಸುವ ದಾರಿ ಆ ಕಡೆಯವರಿಗೆ ಇರಲಿಲ್ಲ. ಇಂದು ಎಲ್ಲ ಫೋನುಗಳಲ್ಲೂ ದಾರಿಯಿದೆ. ಆದರೆ ಎಷ್ಟೋ ಮನುಷ್ಯರಲ್ಲಿ, ಎಷ್ಟೋ ದಿನಗಳಲ್ಲಿ, ಆ ದಾರಿ ಈಗಲೂ ಇರುವುದಿಲ್ಲ.

ಬ್ಲೂ ಟಿಕ್ ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ಹೆಚ್ಚು ಹೇಳುವುದಿಲ್ಲ. ಆ ಘಟನೆಯಾದ ಮೇಲೆ ನಾನು ನಾಲ್ಕು ತಿಂಗಳು ನಿಲ್ಲಿಸಿ ನೋಡಿದೆ. ಗುಂಪುಗಳಲ್ಲಿ ಅದು ಹೇಗೂ ನಿಲ್ಲುವುದಿಲ್ಲ. ಉಳಿದ ಕಡೆ ಬಣ್ಣ ಕಾಣದಿದ್ದಾಗ ಅವರು ಕೊನೆಯ ಬಾರಿ ಯಾವಾಗ ಆನ್‌ಲೈನ್ ಇದ್ದರೆಂದು ಹುಡುಕುವ ಚಟ ಹತ್ತಿತು. ಲೆಕ್ಕ ಹಾಕುವ ಅಭ್ಯಾಸ ಮನಸ್ಸಿಗೆ ಅಂಟಿದ ಮೇಲೆ ಅದಕ್ಕೆ ಏನಾದರೊಂದು ಅಂಕಿ ಸಿಕ್ಕೇ ಸಿಗುತ್ತದೆ. ನಿಮಗೆ ನೆಮ್ಮದಿ ಸಿಗುವುದಾದರೆ ನಿಲ್ಲಿಸಿ, ಆದರೆ ಗೆಳತಿಯ ವಿಷಯ ಅದರಿಂದ ಇತ್ಯರ್ಥವಾಗುವುದಿಲ್ಲ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಬರೆಯದೆ ಸುಮ್ಮನಿರಬೇಡಿ. ಮೂವತ್ತು ವರ್ಷದ ಸ್ನೇಹವನ್ನು ಒಂಬತ್ತು ದಿನದ ಮೌನಕ್ಕೆ ಒಪ್ಪಿಸಿಬಿಡುವುದು ಸ್ವಾಭಿಮಾನವೆಂದು ನನಗೆ ಅನ್ನಿಸುವುದಿಲ್ಲ. ಇಷ್ಟು ಹೊತ್ತಿಗೆ ಅವರೂ ನನ್ನಂತೆ ಕ್ಷಮೆಗೆ ಕಾರಣ ಹುಡುಕುತ್ತ, ದಿನ ಹೋದಂತೆ ಇನ್ನಷ್ಟು ಕುಗ್ಗಿ ಕುಳಿತಿರಬಹುದು. ಆ ಗಂಟನ್ನು ಬಿಚ್ಚುವುದು ಈಗ ಅವರಿಗಿಂತ ನಿಮಗೆ ಸುಲಭ. ಪೆಗ್ಗಿ ಲಿಯು ಮತ್ತು ಅವರ ಸಹಸಂಶೋಧಕರು 2022ರಲ್ಲಿ ಪ್ರಕಟಿಸಿದ ಸರಣಿ ಪ್ರಯೋಗಗಳಲ್ಲಿ, ಪರಿಚಿತರಿಗೆ ತಾವಾಗಿಯೇ ನಾಲ್ಕು ಸಾಲು ಬರೆದು ವಿಚಾರಿಸಿಕೊಂಡವರು, ಅದರಿಂದ ಆ ಕಡೆಯವರಿಗೆ ಆಗುವ ಸಂತೋಷವನ್ನು ನಿಜಕ್ಕಿಂತ ಕಡಿಮೆ ಅಂದಾಜು ಮಾಡಿದ್ದು ಕಂಡುಬಂತು. ಬರೆದದ್ದು ಅನಿರೀಕ್ಷಿತವಾಗಿದ್ದಷ್ಟೂ ಸಂತೋಷ ಹೆಚ್ಚಿತ್ತು. ನಿಮ್ಮ ಗೆಳತಿ ಈಗ ನಿಮ್ಮಿಂದ ಪತ್ರ ನಿರೀಕ್ಷಿಸುತ್ತಿರಲಾರರು.

ಆದರೆ ನೊಂದದ್ದನ್ನು ಮುಚ್ಚಿಟ್ಟು ಬರೆಯಬೇಡಿ. "ನೀನು ಓದಿ ಸುಮ್ಮನಿದ್ದೆ" ಎಂದು ಆರಂಭಿಸಿದರೆ ಅದು ಆ ಸ್ವೀಕೃತಿ ಚೀಟಿಯನ್ನೇ ಮುಖಕ್ಕೆ ಹಿಡಿದಂತಾಗುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ತಪಾಸಣೆಯಲ್ಲಿ ಏನೂ ಇಲ್ಲ ಅಂತ ಬಂತು. ಅವತ್ತು ತುಂಬಾ ಹೆದರಿದ್ದೆ, ನಿನ್ನ ಒಂದು ಮಾತಿಗೆ ಕಾದೆ, ಬರಲಿಲ್ಲವೆಂದು ಬೇಸರವಾಯಿತು. ನೀನು ಹೇಗಿದ್ದೀ? ನಾಳೆ ಸಂಜೆ ಫೋನ್ ಮಾಡುತ್ತೇನೆ." ಕಳುಹಿಸಿದ ಮೇಲೆ ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಮರುದಿನ ಸಂಜೆ, ಟಿಕ್ ಯಾವ ಬಣ್ಣದಲ್ಲಿದ್ದರೂ, ಹೇಳಿದಂತೆ ಫೋನ್ ಮಾಡಿ.

ಇನ್ನೊಂದು ಮಾತು. ನಿಮ್ಮ ಪತ್ರ ನನ್ನ ಮೇಜಿಗೆ ಬಂದು ಇಂದಿಗೆ ಇಪ್ಪತ್ತೆರಡು ದಿನಗಳಾದವು. ಮೊದಲ ದಿನವೇ ಓದಿದ್ದೆ, ಚೆನ್ನಾಗಿ ಯೋಚಿಸಿ ಉತ್ತರಿಸೋಣವೆಂದು ಎತ್ತಿಟ್ಟೆ, ತಲುಪಿತೆಂಬ ಒಂದು ಸಾಲನ್ನೂ ನಿಮಗೆ ಕಳುಹಿಸಲಿಲ್ಲ. ಬೇರೆಯವರ ಮೌನದಿಂದ ನೊಂದು ಬರೆದವರನ್ನು ನಾನೂ ಮೌನದಲ್ಲೇ ಕಾಯಿಸಿದೆ; ದಯವಿಟ್ಟು ಕ್ಷಮಿಸಿ. ಪತ್ರ ಬಂದ ದಿನವೇ ತಲುಪಿದೆಯೆಂದು ಬರೆದವರಿಗೆ ತಿಳಿಸುವ ಕೆಲಸವನ್ನು ಈ ವಾರದಿಂದ ನಾನೇ ವಹಿಸಿಕೊಂಡಿದ್ದೇನೆ. ಗೆಳತಿ ಫೋನ್ ತೆಗೆದುಕೊಂಡರೂ, ತೆಗೆದುಕೊಳ್ಳದಿದ್ದರೂ, ಏನಾಯಿತೆಂದು ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ